ಬೆಳ್ಳುಳ್ಳಿ ಕೀಳುವವರು

ಜೂನ್ 3, ಸೋಮವಾರ

ಎಲೆಯ ತುದಿ ಹಳದಿಗೆ ತಿರುಗಿದೆ. ಒಂದು ಗಡ್ಡೆ ಕಿತ್ತು ನೋಡಿದೆ, ಆರು ಎಸಳೂ ತುಂಬಿಕೊಂಡಿವೆ. ತಿಂಗಳ ಕೊನೆಗೆ ಮಳೆಗಾಲ ಹಿಡಿಯುತ್ತದೆ. ಅಷ್ಟರೊಳಗೆ ಕಿತ್ತು, ಹೊಲದಲ್ಲೇ ಒಣಹಾಕಿ, ಕಂತೆ ಕಟ್ಟಿ, ಕೊಟ್ಟಿಗೆಯಲ್ಲಿ ನೇತುಹಾಕಿ ಮುಗಿದಿರಬೇಕು. ನೆಲದಲ್ಲಿರುವಾಗಲೇ ನೆನೆದರೆ ಸಿಪ್ಪೆ ಬಿರಿದು ಕೊಳೆಯುತ್ತದೆ, ಆಮೇಲೆ ಹಂದಿಗೂ ಬೇಡ. ನಮ್ಮ ವರ್ಷದ ಅನ್ನವೆಲ್ಲ ಈ ಬೆಳ್ಳುಳ್ಳಿಯೇ. ನನ್ನ ಹೆಂಡತಿ ಮಲ್‌ಸುನ್‌ಗೆ ಚಳಿಗಾಲದಲ್ಲಿ ಎರಡೂ ಮಂಡಿಯ ಆಪರೇಷನ್ ಆಗಿದೆ, ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ. ನನ್ನ ಸೊಂಟವೋ, ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ.

ಸಂಜೆ ಹಿರಿಯರ ಭವನದಲ್ಲಿ ಸಭೆ. ನಾಮ್‌ಸಿಲ್‌ಗೆ ನಾನು ಊರ ಯಜಮಾನನಾಗಿ ಒಂಬತ್ತು ವರ್ಷವಾಯಿತು, ಇವತ್ತಿನಷ್ಟು ಒಗ್ಗಟ್ಟು ನಾನು ಕಂಡಿಲ್ಲ. ಹೋದ ವರ್ಷ ಕೂಲಿ ಏರಿದ್ದು ನಮ್ಮಿಂದಲೇ. ಬೆಳ್ಳಂಬೆಳಗ್ಗೆ ಊರ ಬಾಗಿಲಲ್ಲಿ ಕೂಲಿಯವರ ವ್ಯಾನು ಅಡ್ಡಗಟ್ಟಿ, "ಅವನಿಗಿಂತ ಹತ್ತು ಸಾವಿರ ಜಾಸ್ತಿ ಕೊಡ್ತೀನಿ, ನನ್ನ ಹೊಲಕ್ಕೆ ಬನ್ನಿ" ಎಂದು ನಮ್ಮವರೇ ನಮ್ಮವರ ಆಳು ಕದ್ದರು. ಈ ಸಲ ಆಳಿಗೆ ದಿನಕ್ಕೆ ಒಂದು ಲಕ್ಷ ಮೂವತ್ತು ಸಾವಿರ ವಾನ್, ಅದರ ಮೇಲೆ ಒಂದು ವಾನೂ ಕೊಡಕೂಡದು ಎಂದೆ. ಎಲ್ಲರೂ ಕೈ ಎತ್ತಿದರು. ಪಕ್ಕದ ಹೊಲದ ಜೊಂಗ್‌ಡೊಕ್ ಅಣ್ಣ ಎರಡು ಕೈ ಎತ್ತಿದ. ಎತ್ತಿದ ಮೇಲೆ ಮಕ್‌ಗೊಲ್ಲಿ ಅಕ್ಕಿ ಹೆಂಡದ ಬಟ್ಟಲಿಗೂ ಕೈ ಚಾಚಿದ.

ಓಕ್‌ಬುನ್ ಅಜ್ಜಿ ಮೂಲೆಯಿಂದ, "ನನ್ನನ್ನ ಕರೀರಪ್ಪಾ, ಎಂಬತ್ತು ಸಾವಿರಕ್ಕೇ ಬರ್ತೀನಿ" ಅಂದಳು.

"ಅಜ್ಜೀ, ನೀವು ಒಂದು ಸಾಲು ಮುಗಿಸೋ ಹೊತ್ತಿಗೆ ಮುಂದಿನ ವರ್ಷದ ಬೆಳ್ಳುಳ್ಳಿ ಬಂದಿರುತ್ತೆ" ಅಂದ ಜೊಂಗ್‌ಡೊಕ್ ಅಣ್ಣ.

"ನಗು, ನಗು. ಈ ಥಾಯಿಯವರು ಬರೋಕೆ ಮುಂಚೆ ನಿಮ್ಮಪ್ಪನ ಬೆಳ್ಳುಳ್ಳಿ ಕಿತ್ತೋಳು ನಾನೇ ಕಣೋ. ಇವರು ಬಂದ್ರು, ನಮ್ಮನ್ನ ಮರೆತ್ರಿ."

ಎಲ್ಲರೂ ನಕ್ಕೆವು. ಊರಲ್ಲಿ ಅತಿ ಚಿಕ್ಕವನಿಗೇ ಐವತ್ತೆಂಟು. ಯಾರು ಯಾರನ್ನು ಕೆಲಸಕ್ಕೆ ಕರೆಯುವುದು?

ಮನೆಗೆ ಬಂದರೆ ಥಾಯಿ ಕೂಲಿ ತಂಡದ ದಾವ್‌ಳ ಫೋನು. "ಯಜಮಾನ್ರೇ, ಅಮ್ಮನ ಮಂಡಿ ಹೇಗಿದೆ? ಈ ಸಲ ಅವರನ್ನ ಹೊಲಕ್ಕೆ ಇಳಿಸಿದ್ರೆ ನಾನು ಬರಲ್ಲ ನೋಡಿ." ಏಳು ವರ್ಷದಿಂದ ಅವಳ ತಂಡ ಮೊದಲು ಇಳಿಯುವುದು ನಮ್ಮ ಹೊಲಕ್ಕೇ. ನಮ್ಮ ಮನೆ ಮಗಳ ಹಾಗೆ. ಅವಳ ವೀಸಾ ಕಾಗದದ ಅವಧಿ ಎಂದೋ ಮುಗಿದಿದೆ, ಅದನ್ನು ಯಾರೂ ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಕಾಗದ ಇರುವವರನ್ನು ತಂದರೆ ವರ್ಷವಿಡೀ ಇಟ್ಟುಕೊಳ್ಳಬೇಕು. ನಮಗೆ ಕೆಲಸ ಇರುವುದು ಎರಡು ವಾರ.

ಜೂನ್ 8, ಶನಿವಾರ

ದಾವ್ ಹೊಲ ನೋಡಲು ಬಂದಿದ್ದಳು. ಮಲ್‌ಸುನ್ ತಣ್ಣನೆ ಶ್ಯಾವಿಗೆ ಮಾಡಿ ಹಾಕಿದಳು, ಎರಡು ಬಟ್ಟಲು ತಿಂದಳು. ನಮ್ಮ ಮಾತನ್ನು ನಮ್ಮ ಕಡೆಯ ರಾಗದಲ್ಲೇ ಆಡುತ್ತಾಳೆ, ಕಣ್ಣು ಮುಚ್ಚಿ ಕೇಳಿದರೆ ಪೇಟೆಯ ಸೊಪ್ಪಿನವಳೇ. ನಾನು ಕೂಲಿಯ ಮಾತು ತೆಗೆದೆ.

"ಅಯ್ಯೋ ಯಜಮಾನ್ರೇ, ಈರುಳ್ಳಿ ಕಡೆ ಒಂದೂವರೆ ಲಕ್ಷ ಕೊಡ್ತಿದಾರೆ. ನನ್ನ ಹಿಂದೆ ಹದಿಮೂರು ಜನ ಇದಾರೆ, ಅವರಿಗೇನು ಹೇಳ್ಲಿ?"

"ಇದು ಊರಿನ ತೀರ್ಮಾನ ಕಣಮ್ಮಾ. ನಾನೊಬ್ಬ ಏನ್ ಮಾಡ್ಲಿ?"

"ನಮ್ಮದೂ ಒಂದು ಊರಿದೆ, ಫೋನಿನೊಳಗೆ" ಎಂದು ನಕ್ಕಳು. ಯಾವ ಊರಲ್ಲಿ ಎಷ್ಟು ಕೂಲಿ, ಯಾರ ಮನೆ ತಿಂಡಿ ಚೆನ್ನ, ಯಾವ ಧಣಿ ಬೈಯ್ಯುತ್ತಾನೆ, ಎಲ್ಲ ಅಲ್ಲಿ ಸಂಜೆಯೊಳಗೆ ಗೊತ್ತಾಗುತ್ತದಂತೆ. ನಮ್ಮ ಮನೆಯ ಶ್ಯಾವಿಗೆಗೆ ಒಳ್ಳೆ ಹೆಸರಿದೆಯಂತೆ. ಶ್ಯಾವಿಗೆ ಲೆಕ್ಕಕ್ಕೆ ತೆಗೆದುಕೊಂಡು ಇಪ್ಪತ್ತು ಸಾವಿರ ಬಿಡು ಎಂದೆ. ನಗುತ್ತಲೇ ಹೋದಳು, ಆಯಿತು ಎನ್ನಲಿಲ್ಲ.

ಅವಳು ಹೋದ ಮೇಲೆ ಮಲ್‌ಸುನ್, "ಮೂಗು ಕೊಯ್ಕೊಂಡು ಅಪಶಕುನ ಮಾಡೋ ಬುದ್ಧಿ ನಿಮ್ಮದು. ಕೇಳಿದ್ದು ಕೊಟ್ಟು ಬೆಳ್ಳುಳ್ಳಿ ಒಳಗೆ ತಗೊಳ್ರೀ" ಅಂದಳು. ಹೆಂಗಸರಿಗೆ ಊರು ನಡೆಸುವ ಕಷ್ಟ ಎಲ್ಲಿ ತಿಳಿಯುತ್ತದೆ.

ಜೂನ್ 12, ಬುಧವಾರ

ಬಿಳಿ ವ್ಯಾನು ಬಂತು. ನಮ್ಮ ಹೊಲ ದಾಟಿ ಹೋಗಿ ಜೊಂಗ್‌ಡೊಕ್ ಅಣ್ಣನ ಹೊಲದಲ್ಲಿ ನಿಂತಿತು. ಹದಿಮೂರು ಜನವೂ ಇಳಿದರು. ದಾವ್ ನನ್ನ ಕಡೆ ತಲೆ ಬಗ್ಗಿಸಿದಳು. ನಾನು ಟ್ರ್ಯಾಕ್ಟರಿನ ಚಕ್ರ ನೋಡುತ್ತಾ ನಿಂತೆ.

ಮಧ್ಯಾಹ್ನ ಹೋಗಿ ಕೇಳಿದೆ. "ಅಣ್ಣಾ, ಎಷ್ಟಕ್ಕೆ ಕರೆಸ್ದೆ?"

"ಒಂದು ಲಕ್ಷ ಅರವತ್ತು" ಅಂದ, ಮುಖದಲ್ಲಿ ನಾಚಿಕೆ ಇಲ್ಲ.

"ಎರಡೂ ಕೈ ಎತ್ತಿದವನು ನೀನು."

"ಎತ್ತಿದೆ ಕಣೋ. ಆಮೇಲೆ ಮಳೆ ಬೇಗ ಬರುತ್ತೆ ಅಂದ್ರು. ನಿನ್ನ ತೀರ್ಮಾನ ಉಪ್ಪಿನಕಾಯಿ ಹಾಕ್ಕೊಂಡು ತಿನ್ನಕ್ಕಾಗುತ್ತೇನೋ? ನೀನೂ ಕೊಡು, ಯಾರು ಬೇಡ ಅಂದ್ರು?"

ಯಜಮಾನನೇ ಮುರಿದರೆ ಊರಿನವರು ನನ್ನ ಮುಖಕ್ಕೆ ಉಗಿಯುವುದಿಲ್ಲವೇ. ನಮ್ಮಪ್ಪ, ಅವನಪ್ಪ ಇದೇ ಬದುವಿನ ಆಚೆ ಈಚೆ ಮುಯ್ಯಾಳಾಗಿ ದುಡಿದವರು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಕೂಲಿ ಎನ್ನುವ ಮಾತೇ ಇರಲಿಲ್ಲ. ಇವರು ಬಂದ ಮೇಲೆ ಅದೆಲ್ಲ ಹೋಯಿತು. ಮಲ್‌ಸುನ್‌ಗೆ ಹೀಗೆಂದರೆ, "ಅದು ಹೋಗಿ ಇಪ್ಪತ್ತು ವರ್ಷ ಆಯ್ತು, ಇವರು ಬಂದಿದ್ದು ಆಮೇಲೆ" ಎಂದು ವಾದಕ್ಕೆ ನಿಂತಳು.

ಜೂನ್ 14, ಶುಕ್ರವಾರ

ಗೊತ್ತಿದ್ದ ದಲ್ಲಾಳಿಗಳಿಗೆಲ್ಲ ಫೋನು ಮಾಡಿದೆ. ಒಂದು ಮೂವತ್ತು ಎಂದ ಕೂಡಲೇ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಫೋನಿಟ್ಟ.

ಜೂನ್ 16, ಭಾನುವಾರ

ಮಲ್‌ಸುನ್‌ಳ ಮಾತ್ರೆಗೆಂದು ಪೇಟೆಗೆ ಹೋಗಿದ್ದೆ. ಬಸ್ ನಿಲ್ದಾಣದ ಸುತ್ತ ಈಗ ಅವರದ್ದೇ. ಬಾಗಿಲು ಹಾಕಿದ್ದ ಬಟ್ಟೆ ಅಂಗಡಿ ಥಾಯಿ ಕಿರಾಣಿಯಾಗಿದೆ, ಎದುರಿಗೆ ವಿಯೆಟ್ನಾಮಿನವರ ಶ್ಯಾವಿಗೆ ಖಾನಾವಳಿ. ಎರಡು ವರ್ಷದ ಹಿಂದೆ ನಾನೇ, ಇವರಿಲ್ಲದಿದ್ದರೆ ಈ ಪೇಟೆ ಸ್ಮಶಾನವಾಗುತ್ತಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆನಂತೆ, ಔಷಧಿ ಅಂಗಡಿಯವ ನೆನಪಿಸಿದ. ಅಂದಿರಬಹುದು. ಇವತ್ತು ನೋಡಿದರೆ ಕೂರಲು ಒಂದು ಬೆಂಚೂ ಖಾಲಿ ಇರಲಿಲ್ಲ.

ಆ ಹೆಂಗಸೂ ಅಲ್ಲಿದ್ದಳು. ದಾವ್. ಕೈಯಲ್ಲಿ ಮೀನಿನ ಚೀಲ. "ಯಜಮಾನ್ರೇ!" ಎಂದು ದೂರದಿಂದಲೇ ಕೂಗಿದಳು. ಬಸ್ಸು ಬಂದಿತ್ತು, ಹತ್ತಿಬಿಟ್ಟೆ. ಕಾಗದವಿಲ್ಲದವರ ಸುಳಿವು ಕೊಡಿ ಎನ್ನುವ ಚೀಟಿ ನಿಲ್ದಾಣದ ಕಂಬಕ್ಕೆ ಅಂಟಿಸಿದ್ದಾರೆ, ಕೆಳಗೊಂದು ನಂಬರು. ಯಾವ ಕಾಲದಿಂದ ಇತ್ತೋ, ಇವತ್ತು ಕಣ್ಣಿಗೆ ಬಿತ್ತು.

ಮಳೆ ಇಪ್ಪತ್ತೆರಡಕ್ಕೇ ಅಂತೆ. ವಾರ್ತೆಯಲ್ಲಿ ಎರಡು ಸಲ ಹೇಳಿದರು.

ಜೂನ್ 18, ಮಂಗಳವಾರ

ಒಬ್ಬನೇ ಕೀಳಲು ಶುರುಮಾಡಿದೆ. ಮಧ್ಯಾಹ್ನದವರೆಗೆ ಮೂರು ಸಾಲು. ಸೊಂಟ ಹಿಡಿದು ಬದುವಿನ ಮೇಲೆ ಅಂಗಾತ ಬಿದ್ದುಕೊಂಡೆ. ಮಲ್‌ಸುನ್ ಕೋಲೂರಿಕೊಂಡು ಬಂದು ನೆಲದ ಮೇಲೆ ಕಾಲು ಚಾಚಿ ಕೂತು, ತೆವಳಿಕೊಂಡು ಕೀಳಲು ನೋಡಿದಳು. ನೋವಿಗೆ ತುಟಿ ಕಚ್ಚಿಕೊಂಡಿದ್ದಳು. ಬೈದು ಮನೆಗೆ ಕಳಿಸಿದೆ. ಕಳಿಸಿ ಅತ್ತೆ.

ಬದುವಿನಾಚೆ ಅವರೆಲ್ಲ ಹಾಡಿಕೊಂಡು ಕೀಳುತ್ತಿದ್ದರು. ಜೊಂಗ್‌ಡೊಕ್ ಅಣ್ಣ ಮನೆಗೆ ಹೋದದ್ದು ನೋಡಿ ಆಚೆ ದಾಟಿದೆ. ಅವಳನ್ನು ಪಕ್ಕಕ್ಕೆ ಕರೆದು, "ಒಂದು ಎಪ್ಪತ್ತು ಕೊಡ್ತೀನಿ, ನಾಳೆಯಿಂದ ಬಂದ್ಬಿಡಿ" ಅಂದೆ. ಇದು ತೀರ್ಮಾನ ಮುರಿದ ಹಾಗಲ್ಲ, ಆಪತ್ತಿಗೆ ತೀರ್ಮಾನವಿಲ್ಲ.

"ಆ ಅಣ್ಣಂಗೆ ಇಪ್ಪತ್ತೊಂದರವರೆಗೂ ಮಾತು ಕೊಟ್ಟಿದೀನಿ ಯಜಮಾನ್ರೇ. ಮಧ್ಯದಲ್ಲಿ ಬಿಟ್ಟು ಬಂದ್ರೆ ನಾಳೆ ನಿಮಗೂ ಹಾಗೇ ಮಾಡ್ತೀನಿ ಅಂತ ನೀವೇ ಅಂದ್ಕೊಳಲ್ವಾ? ಅದು ಮುಗಿದ ಮಾರನೇ ದಿನವೇ ಬರ್ತೀವಿ. ನೀವು ಮೊದಲು ಹೇಳಿದ ದರಕ್ಕೇ ಬರ್ತೀವಿ, ಅಮ್ಮನಿಗೋಸ್ಕರ."

"ಮಾರನೇ ದಿನ ಮಳೆ."

"ಮಳೆಯಲ್ಲೇ ಕೀಳ್ತೀವಿ."

ಮಳೆಯಲ್ಲಿ ಕಿತ್ತ ಬೆಳ್ಳುಳ್ಳಿಯನ್ನು ತಲೆಗೆ ಸುತ್ತಿಕೊಳ್ಳಲೇ? ನನ್ನದೇ ಊರಲ್ಲಿ ನಿಂತು ಕಾಗದವಿಲ್ಲದವಳ ಮುಂದೆ ಕೈಯೊಡ್ಡುವ ಗತಿ ಬಂತಲ್ಲ. ನಮ್ಮಪ್ಪ ಇದ್ದಿದ್ದರೆ ಏನನ್ನುತ್ತಿದ್ದ.

ಜೂನ್ 19, ಬುಧವಾರ

ಫೋನು ಮಾಡಿದೆ. ಕಂಬದ ಮೇಲಿದ್ದ ಆ ನಂಬರಿನವರು ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಿಳಿ ವ್ಯಾನು, ಅದರ ನಂಬರು, ಬೆಳಗ್ಗೆ ಐದಕ್ಕೆ ಸೇತುವೆ ದಾಟುತ್ತದೆ. ಅಷ್ಟೇ. ಕಾನೂನು ಅಂತ ಒಂದಿದೆ, ಅದನ್ನು ತಿಳಿಸಿದ್ದು ತಪ್ಪೇ? ಊರ ಯಜಮಾನ ಎಂದರೆ ಸರಕಾರದ ಒಂದು ಬೆರಳು.

ಊಟ ಸೇರಲಿಲ್ಲ. ಸೆಕೆ ಜಾಸ್ತಿ.

ಜೂನ್ 20, ಗುರುವಾರ

ಯಾರೂ ಬರಲಿಲ್ಲ. ವ್ಯಾನು ಎಂದಿನ ಹಾಗೆ ಬಂತು, ಎಂದಿನ ಹಾಗೆ ಹೋಯಿತು. ಸರಕಾರದ ಕೆಲಸ ಅಂದರೆ ಅಷ್ಟೇ, ಬೆಂಕಿ ಬಿದ್ದು ಬೂದಿಯಾದ ಮೇಲೆ ಬಾವಿ ತೋಡುತ್ತಾರೆ. ಒಂದು ರೀತಿ ಸಮಾಧಾನವೂ ಆಯಿತು.

ಸಂಜೆ ಜೊಂಗ್‌ಡೊಕ್ ಅಣ್ಣ ಮಕ್‌ಗೊಲ್ಲಿ ಹಿಡಿದು ಬಂದ. ಒಂದು ವಾರದಿಂದ ಮಾತಿಲ್ಲ. ಜಗುಲಿಯ ಮೇಲೆ ಕೂತು, ತಾನೇ ಬಟ್ಟಲಿಗೆ ಸುರಿದು, ನನ್ನ ಮುಂದೆ ತಳ್ಳಿದ.

"ಲೋ ಸಾಂಗ್‌ಮಾನ್, ನಂದು ಇನ್ನೊಂದು ಪಟ್ಟಿ ಉಳಿದಿದೆ. ಅದು ಹಾಳಾಗ್ಲಿ. ನಾಳೆ ಹದಿಮೂರು ಜನಾನೂ ನಿನ್ನ ಹೊಲಕ್ಕೆ ಇಳಿಸ್ತೀನಿ. ನಾಳೆ ಸಂಜೆಯೊಳಗೆ ಕಿತ್ತು ಕೊಟ್ಟಿಗೆಗೆ ಸಾಗಿಸ್ಬಿಡೋಣ, ಒಳಗೇ ಫ್ಯಾನ್ ಹಾಕಿ ಒಣಗಿಸ್ಕೋ. ಕೂಲಿ ನಾನು ಕೊಟ್ಟಾಗಿದೆ."

ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ಮುಖ ಯಾಕೋ ಹಾಗೆ ಮಾಡ್ತೀಯಾ? ನಮ್ಮಪ್ಪಂದಿರು ಮಾಡ್ತಿರ್ಲಿಲ್ವಾ, ಮುಯ್ಯಾಳು ಅಂದ್ಕೋ. ಆ ಹುಡುಗಿ ದಾವ್‌ದೇ ಯೋಚನೆ ಇದು. 'ಅಮ್ಮ ತೆವಳ್ಕೊಂಡು ಕೀಳ್ತಿದ್ರು, ನೋಡಕ್ಕಾಗ್ಲಿಲ್ಲ' ಅಂತ ನನ್ನ ತಲೆ ತಿಂದ್ಬಿಟ್ಳು."

ಮಲ್‌ಸುನ್ ಒಳಗಿಂದ ಕಣ್ಣು ಒರೆಸಿಕೊಳ್ಳುತ್ತಾ ಬಂದು ಅವನ ಕೈ ಹಿಡಿದುಕೊಂಡಳು. ನಾಳೆಯ ತಿಂಡಿಗೆ ಈಗಲೇ ಶ್ಯಾವಿಗೆ ಸಾರಿಗೆ ಒಣಮೀನು ನೆನೆಹಾಕಿದ್ದಾಳೆ.

ಬೇಡ ಅನ್ನಬಹುದಿತ್ತು. ಏನು ಕಾರಣ ಹೇಳಲಿ? ಬೆಳ್ಳುಳ್ಳಿ ಬೇಡವೇ ಎಂದು ಅವನೇ ಕೇಳುತ್ತಾನೆ. ಇಷ್ಟಕ್ಕೂ ಇವತ್ತು ಬರದವರು ನಾಳೆಯೇ ಬರುತ್ತಾರೆಂದು ಏನು ಗ್ಯಾರಂಟಿ? ವಲಸೆ ಕಚೇರಿಯವರು ಬಂದರೆ ಸೋಮವಾರದ ಮೇಲೇ. ನಾಳೆ ಒಂದು ದಿನ ದಾಟಿದರೆ ಸಾಕು.

ಜೂನ್ 21, ಶುಕ್ರವಾರ

ಐದೂವರೆಗೆ ಇಳಿದರು. ಏನು ಕೈ ಅವರದು! ಯಂತ್ರ ಮಣ್ಣು ಸಡಿಲಿಸುತ್ತಾ ಮುಂದೆ ಹೋದರೆ ಹಿಂದೆಯೇ ಕಿತ್ತು, ಕೊಡವಿ, ಸಾಲಾಗಿ ಮಲಗಿಸುತ್ತಿದ್ದರು. ಒಂಬತ್ತರ ಹೊತ್ತಿಗೆ ಎರಡು ಹೊಲ ಬರಿದಾಯಿತು. ನಾನು ಸೇತುವೆಯ ಕಡೆ ನೋಡುತ್ತಲೇ ಇದ್ದೆ. ದಾವ್ ಬಂದು, "ಯಜಮಾನ್ರೇ, ಮಳೆ ಆ ಕಡೆಯಿಂದ ಬರಲ್ಲ, ಬೆಟ್ಟದ ಕಡೆಯಿಂದ ಬರೋದು" ಎಂದು ನಕ್ಕಳು.

ಮಲ್‌ಸುನ್ ತಿಂಡಿ ತಂದಿಟ್ಟ ಹೊತ್ತಿಗೆ ಎರಡು ಕಪ್ಪು ಗಾಡಿ ಬದುವಿನ ಎರಡೂ ತುದಿಗೆ ಬಂದು ನಿಂತವು.

ಎಲ್ಲ ಚೆಲ್ಲಾಪಿಲ್ಲಿ. ಬಟ್ಟಲುಗಳನ್ನು ತುಳಿದುಕೊಂಡು ಓಡಿದರು. ವಯಸ್ಸಾದ ಒಬ್ಬ ಕಲ್ಲಿನ ಕಟ್ಟೆಯಿಂದ ಕೆಳಗಿನ ಕಾಲುವೆಗೆ ಹಾರಿ ಬಿದ್ದ, ಕಾಲು ಮುರಿಯಿತು. ಅವನ ಕೂಗು ಊರೆಲ್ಲ ಕೇಳಿಸಿತು. ದಾವ್ ಓಡಿದ್ದು ನಮ್ಮ ಮನೆ ಕಡೆ. ಅವಳಿಗೆ ಈ ಊರಲ್ಲಿ ಗೊತ್ತಿರುವ ಮನೆ ಅದೊಂದೇ.

ಇಬ್ಬರು ಅಧಿಕಾರಿಗಳು ನಮ್ಮ ಅಂಗಳಕ್ಕೆ ಬಂದರು, ನಾನೂ ಹಿಂದೆಯೇ ಬಂದೆ. ಮರ್ಯಾದಸ್ಥರೇ. "ಯಜಮಾನ್ರೇ, ಒಬ್ಬಳು ಈ ಕಡೆ ಓಡಿಬಂದ್ಲು. ಒಳಗೆ ಯಾರಾದ್ರೂ ಇದಾರಾ?"

ಕಿಮ್ಚಿಯ ಜಾಡಿ ಇಡುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಮಲ್‌ಸುನ್ ಕೂತಿದ್ದಳು. "ಯಾರೂ ಇಲ್ಲಪ್ಪಾ. ನಾನಿದೀನಿ, ನನ್ನ ಮಂಡಿ ಇದೆ. ಬೇಕಾದ್ರೆ ಅದನ್ನ ಕರ್ಕೊಂಡು ಹೋಗಿ."

ಅವರು ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆದಿಡುತ್ತೇನೆ, ನಾನು ಒಂದಕ್ಷರವೂ ಆಡಲಿಲ್ಲ. ಕಣ್ಣು ಆ ಬಾಗಿಲ ಕಡೆ ಹೋಗಿರಬಹುದು. ಕಣ್ಣಿಗೆ ಕಡಿವಾಣ ಹಾಕಲು ಯಾರಿಂದಾಗುತ್ತದೆ?

ದಾವ್ ತಾನೇ ಬಾಗಿಲು ಸರಿಸಿ ಹೊರಗೆ ಬಂದಳು. ಅಮ್ಮನನ್ನು ಎಬ್ಬಿಸಿ ನೋಯಿಸುವುದು ಬೇಡ ಎಂದಳು. ಫೋನಿನ ಚಾರ್ಜರು ವ್ಯಾನಿನಲ್ಲಿದೆ, ತಂದು ಕೊಡುತ್ತೀರಾ ಎಂದು ನನ್ನನ್ನು ಕೇಳಿದಳು. ತಂದುಕೊಟ್ಟೆ.

ಸಿಕ್ಕವರು ಹನ್ನೊಂದು ಜನ. ನನ್ನ ಹೊಲದಲ್ಲಿ ಸಿಕ್ಕಿದ್ದರಿಂದ ದಂಡ ನನಗೇ ಬರುತ್ತದಂತೆ. ಜೊಂಗ್‌ಡೊಕ್ ಅಣ್ಣ ನನ್ನ ಭುಜ ಹಿಡಿದು, "ಅರ್ಧ ನಾನು ಕಟ್ತೀನಿ ಕಣೋ. ಕಳಿಸಿದ್ದು ನಾನಲ್ವಾ, ನಿನ್ನ ತಲೆಗೆ ತಂದಿಟ್ಟೆ" ಎಂದು ಮಗುವಿನ ಹಾಗೆ ಅತ್ತ.

ಜೂನ್ 22, ಶನಿವಾರ

ಮಳೆ. ಬೆಳಗಿನಿಂದ ಬಿಡುವಿಲ್ಲ. ಕಿತ್ತದ್ದು ಸಾಲಿನಲ್ಲೇ ನೆನೆಯುತ್ತಿದೆ, ಕೀಳದ್ದು ನೆಲದಲ್ಲಿ. ಒಳಗೆ ತರಲು ಕೈಯಿಲ್ಲ.

ಮಲ್‌ಸುನ್ ದಾವ್‌ಳ ಬಟ್ಟೆ ಚೀಲ ಹಿಡಿದು, ಅವರನ್ನು ಇಟ್ಟಿರುವಲ್ಲಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿಬಂದಳು. ಏನಾಯಿತೆಂದು ಕೇಳಿದೆ. "ನಿನ್ನೆ ನಿಮ್ಮ ಕಣ್ಣನ್ನ ನೋಡ್ದೆ" ಅಂದಳು. ಆ ಕಿಮ್ಚಿ ಕೋಣೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದಾಳೆ. ಮಂಡಿಗೆ ತಂಡಿ ಆಗಬಾರದು ಎಂದರೂ ಕೇಳುವುದಿಲ್ಲ.

ಜೂನ್ 24, ಸೋಮವಾರ

ಭವನದಲ್ಲಿ ಎಲ್ಲರೂ ಸೇರಿದ್ದರು. ಯಾರ ಬೆಳ್ಳುಳ್ಳಿಯೂ ಪೂರಾ ಒಳಗೆ ಬಂದಿಲ್ಲ. ಉಳಿದಿದ್ದ ತಂಡಗಳೂ ರಾತ್ರೋರಾತ್ರಿ ಬೇರೆ ಕಡೆ ಹೋಗಿವೆ. ನಾನು ಎಲ್ಲರೆದುರೇ ದಲ್ಲಾಳಿಗೆ ಫೋನು ಮಾಡಿದೆ, ಎರಡು ಲಕ್ಷ ಕೊಡುತ್ತೇವೆ ಎಂದೆ.

"ಎರಡಲ್ಲ, ಮೂರು ಕೊಡ್ತೀನಿ ಅಂದ್ರೂ ಯಾರೂ ಬರಲ್ಲ ಅಣ್ಣಾ. ನಾಮ್‌ಸಿಲ್‌ನಲ್ಲಿ ಹಿಡಿದುಕೊಡ್ತಾರೆ ಅಂತ ಅವರ ಫೋನಿನಲ್ಲೆಲ್ಲ ಬಂದುಬಿಟ್ಟಿದೆ. ಈ ವರ್ಷ ಬಿಡಿ, ಮುಂದಿನ ವರ್ಷವೂ ಅಷ್ಟೇ."

ಹಾಗಾದರೆ ಸೆಪ್ಟೆಂಬರಿನಲ್ಲಿ ಬಿತ್ತುವವರು ಯಾರು? ಹೊಲಗಳಿಗೆ ಹುಲ್ಲು ಬರುತ್ತದೆ. ಯಾರೂ ಇದನ್ನು ಬಾಯಿಬಿಟ್ಟು ಆಡಲಿಲ್ಲ. ಯಾರು ಹಿಡಿದುಕೊಟ್ಟರು ಎನ್ನುವುದು ಮಾತ್ರ ಆಡಿದರು.

"ಯಾರಿರಬಹುದು ಹೇಳು ಯಜಮಾನ?" ಅಂದ ಜೊಂಗ್‌ಡೊಕ್ ಅಣ್ಣ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ ನಾನಲ್ಲ. ನೆಟ್ಟಗೆ ಕೂತಿದ್ದೆ. ಯಾರೋ ಓಕ್‌ಬುನ್ ಅಜ್ಜಿಯ ಹೆಸರು ತೆಗೆದರು. ಅವಳಿಗೆ ಥಾಯಿಯವರ ಮೇಲೆ ಮೊದಲಿನಿಂದ ಹೊಟ್ಟೆಯುರಿ, ಸಭೆಯಲ್ಲೇ ಅಂದಿದ್ದಳಲ್ಲ. ಹೌದು ಹೌದು ಎಂದು ತಲೆಗಳು ಆಡಿದವು. ನಾನು ಹೌದೆನ್ನಲಿಲ್ಲ. ಅಲ್ಲ ಎನ್ನಲು ನನಗೇನು ಗೊತ್ತಿದೆ ಎಂದು ತೋರಿಸಿಕೊಳ್ಳಲಿ?

ಸಂಜೆ ಅಜ್ಜಿ ಕೊಡೆಯಿಲ್ಲದೆ ಬಂದಳು. "ಯಜಮಾನ್ರೇ, ನಂಗೆ ಆ ಫೋನಿನಲ್ಲಿ ನಂಬರು ಒತ್ತಕ್ಕೂ ಬರಲ್ಲ. ಮಗ ಮಾಡಿದ್ರೆ ಎತ್ತಿ ಮಾತಾಡ್ತೀನಿ, ಅಷ್ಟೇ. ನೀವಾದ್ರೂ ಹೇಳಿ, ನಾನಲ್ಲ ಅಂತ."

"ನೋಡೋಣ ಅಜ್ಜಿ" ಅಂದೆ.

ಮಲ್‌ಸುನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಜ್ಜಿಯ ತಲೆ ಒರೆಸಿ, ಕೊಡೆ ಕೊಟ್ಟು ಕಳಿಸಿದಳು.

ಜೂನ್ 26, ಬುಧವಾರ

ತೀರ್ಮಾನ ಆಯಿತು. ಓದುವುದು ಯಜಮಾನನ ಕೆಲಸ, ಓದಿದೆ. ಓಕ್‌ಬುನ್ ಭವನದ ಊಟಕ್ಕೆ ಬರಕೂಡದು. ಅವಳ ಹೊಲಕ್ಕೆ ಯಾರೂ ಟ್ರ್ಯಾಕ್ಟರು ಕೊಡಕೂಡದು. ಅವಳ ಜೊತೆ ಮಾತು ಬೇಡ. ಅವಳ ಮನೆಯ ಹೊಸಲು ತುಳಿದವರಿಗೂ ಇದೇ. ಎಲ್ಲರೂ ಕೈ ಎತ್ತಿದರು.

ಓದಿ ಮುಗಿಸುವಾಗ ಎಲ್ಲರ ಮುಖ ಕಿಟಕಿಯ ಕಡೆ ತಿರುಗಿತು. ಮಲ್‌ಸುನ್ ಎರಡು ಕೋಲೂರಿಕೊಂಡು, ಬೆನ್ನಿಗೆ ಬುತ್ತಿ ಗಂಟು ಕಟ್ಟಿಕೊಂಡು, ಮಳೆಯಲ್ಲೇ ಬೀದಿ ದಾಟಿ ಅಜ್ಜಿಯ ಜಗುಲಿ ಹತ್ತಿದಳು. ಹತ್ತಲು ಬಹಳ ಹೊತ್ತು ಬೇಕಾಯಿತು. ಕೂತು, ಗಂಟು ಬಿಚ್ಚಿ, ಇಬ್ಬರಿಗೂ ಬಡಿಸಿದಳು.

"ಲೋ ಸಾಂಗ್‌ಮಾನ್, ಹೋಗಿ ಕರ್ಕೊಂಡು ಬಾರೋ. ಗೊತ್ತಿಲ್ಲದೆ ಹೋಗಿರ್ತಾಳೆ" ಅಂದ ಜೊಂಗ್‌ಡೊಕ್ ಅಣ್ಣ.

ಗೇಟಿನವರೆಗೆ ಹೋದೆ. "ಏನೇ, ಎದ್ದು ಬಾ ಮನೆಗೆ. ಊರೆಲ್ಲ ನೋಡ್ತಿದೆ."

"ನೋಡ್ಲಿ ಅಂತಲೇ ಬಂದಿದೀನಿ. ಒಳಗೆ ಬನ್ರೀ. ಅಜ್ಜಿ ಎದುರಿಗೆ ಆ ಒಂದು ಮಾತು ಹೇಳಿ, ಆಮೇಲೆ ಮನೆಗೆ ಬರ್ತೀನಿ."

"ಯಾವ ಮಾತು?"

ಅವಳು ಅಜ್ಜಿಯ ಬಟ್ಟಲಿಗೆ ಇನ್ನೊಂದು ತುತ್ತು ಹಾಕಿದಳು. ಅಜ್ಜಿ ನನ್ನನ್ನೂ ಅವಳನ್ನೂ ನೋಡಿ, ಅನ್ನದ ಬಟ್ಟಲು ಕೆಳಗಿಟ್ಟಳು. ಹಿಂದೆ ಭವನದ ಕಿಟಕಿ ತುಂಬಾ ಮುಖಗಳು. ಗೇಟಿನ ಅಗುಳಿಯ ಮೇಲೆ ನನ್ನ ಕೈ ಇತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಅಂಗಿಯೆಲ್ಲ ತೊಯ್ದು ಹೋಯಿತು. ವಾಪಸು ಬಂದೆ. ಭವನದಲ್ಲಿ ನನಗೆ ದಾರಿ ಬಿಟ್ಟರು.

ಹೊತ್ತು ಮುಳುಗಿತು, ಮಲ್‌ಸುನ್ ಬಂದಿಲ್ಲ. ಅವಳ ಮಾತ್ರೆ ಇಲ್ಲೇ ಇದೆ. ಯಾರ ಕೈಯಲ್ಲಾದರೂ ಕಳಿಸೋಣವೆಂದರೆ ಆ ಹೊಸಲು ಯಾರೂ ತುಳಿಯುವಂತಿಲ್ಲ. ನಾನೂ ಅವಳ ಜೊತೆ ಮಾತಾಡುವಂತಿಲ್ಲ, ತೀರ್ಮಾನದಲ್ಲಿ ಹಾಗೇ ಇದೆ.